ಮೂವರನ್ನಷ್ಟೇ ಹಿಡಿಯುವ ಲೆನ್ಸ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕ್ಯಾಮೆರಾ ಕೊಂಡದ್ದು ಎರಡು ಸಾವಿರದ ಏಳರಲ್ಲೋ ಎಂಟರಲ್ಲೋ ಎಂಬುದೇ ನನಗೆ ಖಚಿತವಿಲ್ಲ. ಆಗ ನಾನು ಡೈರಿ ಬರೆಯುತ್ತಿದ್ದದ್ದು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ, ವರ್ಷ ನಮೂದಿಸುವ ಅಭ್ಯಾಸವಿರಲಿಲ್ಲ. ಆ ವಾರದ ಪುಟದಲ್ಲಿ "ಬಂತು! ಬಂತು!" ಎಂಬ ಎರಡು ಪದ ಬಿಟ್ಟರೆ ಏನೂ ಇಲ್ಲ. ದುಃಖವಾದಾಗ ಪುಟಗಟ್ಟಲೆ ಬರೆಯುವವಳು ಸಂತೋಷವಾದಾಗ ಪೆನ್ನು ಮುಟ್ಟಿದವಳೇ ಅಲ್ಲ.

ಫೋಟೋಗಳನ್ನು ಕೇಳೋಣವೆಂದರೆ ಅವೂ ಸುಳ್ಳು ಹೇಳುತ್ತವೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಗಡಿಯಾರವನ್ನು ಸರಿಮಾಡಬೇಕೆಂದು ನನಗೆ ತೋಚಿರಲಿಲ್ಲ. ಶ್ರಾವಣದ ಬೆಳಗ್ಗೆ ತೆಗೆದ ಫೋಟೋಗಳೆಲ್ಲ ಜನವರಿ ಒಂದನೇ ತಾರೀಖು ತೆಗೆದವೆಂದು ಕಂಪ್ಯೂಟರಿನಲ್ಲಿ ಇವತ್ತಿಗೂ ಸಾಧಿಸುತ್ತಿವೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರು "ಸಾಕ್ಷಿಗೆ ಸಾಕ್ಷಿ ಯಾರಮ್ಮ?" ಎಂದು ಕೇಳುತ್ತಿದ್ದರು. ಅವರಿಗೆ ಈ ಫೋಟೋಗಳನ್ನು ತೋರಿಸಬೇಕಿತ್ತು.

ಆಗ ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಹಾಸನದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬರು ತಮ್ಮ ಭಾವಮೈದುನನ ದೊಡ್ಡ ಡಿಜಿಟಲ್ ಕ್ಯಾಮೆರಾ ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟರು. ಡಿಎಸ್ಎಲ್ಆರ್ ಎಂಬ ಹೆಸರನ್ನು ಮೊದಲು ಕೇಳಿದ್ದು ಅವತ್ತೇ. ಕಣ್ಣಿಗಿಟ್ಟುಕೊಂಡು ಗುಂಡಿ ಒತ್ತಿದೆ. "ಖಚಕ್" ಎಂದಿತು. ಆ ಸದ್ದನ್ನು ನಾನು ಬೆರಳಲ್ಲಿ ಕೇಳಿದೆ ಎಂದರೆ ನಗಬೇಡಿ. ನಮ್ಮನೆಯಲ್ಲಿ ಅಪ್ಪನ ಹಳೆಯ ರೀಲ್ ಕ್ಯಾಮೆರಾ ಇತ್ತು. ಮೂವತ್ತಾರು ಫೋಟೋದ ಒಂದು ರೀಲು ಎರಡು ವರ್ಷ ಬರಬೇಕಿತ್ತು. ಯುಗಾದಿಗೆ ಒಂದು, ಗಣೇಶನಿಗೆ ಒಂದು, ಯಾರಾದರೂ ಪಾಸಾದರೆ ಒಂದು. ಇದರಲ್ಲಿ ನಾನು ಗೋಡೆಗೆ ಒಂದು, ಹಾಜರಿ ಪುಸ್ತಕಕ್ಕೆ ಒಂದು, ಚಟ್ನಿ ಮೆತ್ತಿದ ಟಿಫಿನ್ ಡಬ್ಬಿಗೆ ನಾಲ್ಕು ಫೋಟೋ ತೆಗೆದೆ. ಯಾರೂ ಬೈಯಲಿಲ್ಲ!

ಮಾರನೆಯ ದಿನವೇ ಹಾಸನದ ಒಂದು ಅಂಗಡಿಗೆ ಹೋದೆ. ಗಾಜಿನ ಕಪಾಟಿನೊಳಗಿನ ಕ್ಯಾಮೆರಾದ ಬೆಲೆ ಕೇಳಿದೆ. ಅಂಗಡಿಯವರು ಹೇಳಿದರು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ "ಬ್ಯಾಗ್ ಫ್ರೀನಾ?" ಎಂದೆ. ಫ್ರೀ ಅಂತೆ. "ಯೋಚನೆ ಮಾಡಿ ಬರ್ತೀನಿ" ಎಂದು ಹೊರಬಿದ್ದೆ. ಬ್ಯಾಗನ್ನು ಮಾತ್ರ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇತ್ತು.

ಇಷ್ಟರಲ್ಲಿ ಅರಕಲಗೂಡಿನ ದೊಡ್ಡಪ್ಪನಿಗೆ ಅರವತ್ತು ತುಂಬಿ ಷಷ್ಟ್ಯಬ್ದಿ ಶಾಂತಿ ಗೊತ್ತಾಯಿತು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅಕ್ಕತಂಗಿಯರು ಮೂವರೂ ಹುಟ್ಟಿದ್ದು ಹೊಳೆನರಸೀಪುರದಲ್ಲಿ. ದೊಡ್ಡಮ್ಮನನ್ನು ಅರಕಲಗೂಡಿಗೆ, ಅಮ್ಮನನ್ನು ಹಾಸನಕ್ಕೆ, ಚಿಕ್ಕಮ್ಮನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ಷಷ್ಟ್ಯಬ್ದಿಯಲ್ಲಿ ಗಂಡ ಹೆಂಡತಿಗೆ ಇನ್ನೊಮ್ಮೆ ಮಾಂಗಲ್ಯ ಕಟ್ಟುತ್ತಾನೆ, ಅಂದರೆ ಎರಡನೇ ಮದುವೆ ಇದ್ದ ಹಾಗೆ. ದೊಡ್ಡಮ್ಮನಿಗೆ ಅದು ಬರೀ ಶಾಸ್ತ್ರವಾಗಿರಲಿಲ್ಲ. ಅವಳ ಮೊದಲ ಮದುವೆಗೆ ಫೋಟೋನೇ ಇಲ್ಲ. ಫೋಟೋಗ್ರಾಫರ್ ಬಂದಿದ್ದ, ದಿನವಿಡೀ ತೆಗೆದಿದ್ದ. ಅವನು ಊಟಕ್ಕೆ ಕೂತಾಗ ಯಾವುದೋ ಮಗು "ಒಳಗೆ ಎಲ್ಲರೂ ಹೇಗೆ ಕಾಣ್ತಾರೆ" ಎಂದು ಕ್ಯಾಮೆರಾದ ಹಿಂಬಾಗಿಲು ತೆಗೆದು ಇಣುಕಿತು. ಬೆಳಕು ಬಿದ್ದು ರೀಲೆಲ್ಲ ಹಾಳಾಯಿತು. ಆ ಮಗು ಚಿಕ್ಕಮ್ಮ ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಎಂದು ಚಿಕ್ಕಮ್ಮ ಹೇಳುತ್ತಾಳೆ. ನಾನು ಇಬ್ಬರನ್ನೂ ನಂಬುವುದಿಲ್ಲ.

ದೊಡ್ಡಮ್ಮ ಶಾಂತಿಗೆ ಸ್ಟುಡಿಯೋದವರನ್ನು ಗೊತ್ತು ಮಾಡುವವಳಿದ್ದಳು. ನಾನು ಫೋನ್ ಮಾಡಿದೆ.

"ದೊಡ್ಡಮ್ಮ, ಅವರಿಗೆ ಕೊಡೋ ದುಡ್ಡು ನಂಗೆ ಕೊಡು. ನನ್ನ ಉಳಿತಾಯ ಸೇರಿಸಿ ಕ್ಯಾಮೆರಾ ತಗೋತೀನಿ. ಫೋಟೋ ನಾನೇ ತೆಗೀತೀನಿ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ದೊಡ್ಡಮ್ಮ, "ನಿಂಗೆ ಬರತ್ತೇನೇ?" ಎಂದಳು.

"ಬರತ್ತೆ" ಎಂದೆ. ಟಿಫಿನ್ ಡಬ್ಬಿಯ ಫೋಟೋ ಚೆನ್ನಾಗಿಯೇ ಬಂದಿತ್ತಲ್ಲ.

"ಸರಿ, ಹಾಗಾದ್ರೆ ನೀನೇ ತೆಗಿ."

ಇಷ್ಟು ಸುಲಭವಾಗಿ ಒಪ್ಪಿಯಾಳೆಂದು ನಾನು ಅಂದುಕೊಂಡಿರಲಿಲ್ಲ. ವಿಷಯ ತಿಳಿದ ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. "ಒಂದ್ಸಲ ಹೋಯ್ತು, ಸಾಲದಾ? ಇದೂ ಹೋದ್ರೆ ಅವಳು ಮೂರನೇ ಸಲ ಮದುವೆ ಆಗ್ಬೇಕೇನೇ?"

ಚನ್ನರಾಯಪಟ್ಟಣದ ಚಿಕ್ಕಮ್ಮ ಮಾತ್ರ ನನ್ನ ಪಕ್ಷ. ಅವರೂರಿನ ಸ್ಟುಡಿಯೋದವರೊಬ್ಬರು ಹೊಸ ಕ್ಯಾಮೆರಾ ತರಿಸಿ ಹಳೆಯದನ್ನು ಮಾರುತ್ತಿದ್ದಾರೆಂದು ಅವಳೇ ಪತ್ತೆ ಮಾಡಿದಳು. ಭಾನುವಾರ ಇಬ್ಬರೂ ಹೋದೆವು. ಸ್ಟುಡಿಯೋದವರು ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕ್ಯಾಮೆರಾವನ್ನು ಬಿಚ್ಚಿದರು.

"ಕಂಡೀಸನ್ನಾಗದೆ ಮೇಡಮ್. ನಾನ್ಯಾಕೆ ಸುಳ್ಳೇಳ್ಲಿ. ನೂರಾರು ಮದ್ವೆ ಕಂಡದೆ."

"ನೂರಾರು ಮದುವೆ ಕಂಡಿದೆ ಅಂದ್ರೆ ಅಜ್ಜಿ ಆಯ್ತು ಅಂತಲ್ವೇನಪ್ಪಾ?" ಎಂದಳು ಚಿಕ್ಕಮ್ಮ. "ಕಮ್ಮಿ ಮಾಡು."

"ಅಮ್ಮಾರೇ, ಅಜ್ಜಿಗೇ ಅಲ್ವಾ ಅನುಭವ ಜಾಸ್ತಿ ಇರೋದು?"

ಚಿಕ್ಕಮ್ಮ ಸೋತು ನಕ್ಕಳು, ಆದರೂ ಒಂದಷ್ಟು ಇಳಿಸಿದಳು. ಕ್ಯಾಮೆರಾದ ಜೊತೆ ಒಂದು ಜೂಮ್ ಲೆನ್ಸೂ ಇತ್ತು. ಅವರೇ ಅದರೊಳಕ್ಕೆ ಟಾರ್ಚ್ ಬಿಟ್ಟು ತೋರಿಸಿದರು. ಗಾಜಿನ ಒಳಗೆ ಬಿಳಿ ಎಳೆಗಳು ಜೇಡನ ಬಲೆಯಂತೆ ಹರಡಿದ್ದವು.

"ಬೂಷ್ಟು ಮೇಡಮ್. ಮಳೇಲಿ ನಮ್ಮನೆ ಗೋಡೆಗೂ ಬಂತು, ಇದಕ್ಕೂ ಬಂತು. ಇದಕ್ಕೆ ದುಡ್ಡು ಬ್ಯಾಡ, ಅಂಗೇ ತಗೊಂಡೋಗಿ. ಒಸಾ ಲೆನ್ಸು ಒಂದು ತಗೊಂಬುಡಿ."

ಹಾಸನಕ್ಕೆ ಬರುವ ಬಸ್ಸಿನಲ್ಲಿ ಕ್ಯಾಮೆರಾವನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು "ಎಷ್ಟು ತಿಂಗ್ಳು ಕೂಸವ್ವಾ?" ಎಂದು ಕೇಳಿದಳು. ನನ್ನ ನೋಟ್‌ಬುಕ್ಕಿನ "ಬಂತು! ಬಂತು!" ಆ ದಿನದ್ದೇ ಇರಬೇಕು.

ಉಳಿದ ದುಡ್ಡಿಗೆ ಹಾಸನದ ಅಂಗಡಿಯಲ್ಲಿ ಸಿಕ್ಕುವ ಲೆನ್ಸ್ ಒಂದೇ ಒಂದಿತ್ತು. ಬೋಂಡಾ ಗಾತ್ರದ ಪ್ಲಾಸ್ಟಿಕ್ಕಿನ ಲೆನ್ಸು, ಅದಕ್ಕೆ ಐವತ್ತರ ಲೆನ್ಸ್ ಎನ್ನುತ್ತಿದ್ದರು. ಜೂಮ್ ಇಲ್ಲ. "ಜೂಮ್ ನಿಮ್ಮ ಕಾಲಲ್ಲೇ ಮೇಡಮ್" ಎಂದರು ಅಂಗಡಿಯವರು. "ದೊಡ್ಡದು ಬೇಕಾ, ಮುಂದೆ ಹೋಗಿ. ಚಿಕ್ಕದು ಬೇಕಾ, ಹಿಂದೆ ಬನ್ನಿ." ಅವರ ಹಾಸ್ಯಕ್ಕೆ ಮನಸಾರೆ ನಕ್ಕೆ. ಮನೆಗೆ ಬಂದು ಲೆನ್ಸ್ ಹಾಕಿ ಗುಂಡಿ ಅದುಮಿದರೆ ಲೆನ್ಸ್ ಅಲ್ಲಾಡಲೇ ಇಲ್ಲ. ಎಲ್ಲವೂ ಮಸುಕು. ಗಾಬರಿಯಿಂದ ಚನ್ನರಾಯಪಟ್ಟಣದ ಸ್ಟುಡಿಯೋದವರಿಗೆ ಫೋನ್ ಮಾಡಿದೆ.

"ಓ, ಆ ಲೆನ್ಸಾ? ಅದು ತಾನಾಗೇ ಫೋಕಸ್ ಆಗಾಕೆ ಕ್ಯಾಮ್ರಾ ಒಳಗೆ ಮೋಟ್ರು ಇರ್ಬೇಕು ಮೇಡಮ್. ಇದ್ರಲ್ಲಿಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಮೊದ್ಲು ನೀವು ಆ ಲೆನ್ಸ್ ತಗೊಂಡೇ ಇರ್ನಿಲ್ವಲ್ಲ!" ಎಂದವರು ಆಮೇಲೆ ಕನಿಕರದಿಂದ, "ಕೈಲೇ ತಿರುಗುಸ್ಕಳಿ. ನಮ್ಮಪ್ಪ ಸಾಯೋಗಂಟ ಅಂಗೇ ಮದ್ವೆ ತೆಗುದ್ರು" ಎಂದರು.

ಶಾಂತಿಗೆ ಹದಿನೈದು ದಿನವೋ ಇಪ್ಪತ್ತು ದಿನವೋ ಉಳಿದಿತ್ತು. ಲೆನ್ಸಿನ ಸುತ್ತ ಇರುವ ಫೋಕಸ್ ಬಳೆಯನ್ನು ಎಡಗೈಯಲ್ಲಿ ತಿರುಗಿಸುತ್ತ, ಮಸುಕಾದದ್ದು ಸ್ಪಷ್ಟವಾಗುವ ಕ್ಷಣದಲ್ಲೇ ಬಲಗೈಯಲ್ಲಿ ಒತ್ತುವುದನ್ನು ಕಲಿಯತೊಡಗಿದೆ. ನುಗ್ಗೇಕಾಯಿ ಹೆಚ್ಚುವ ಅಮ್ಮ, ಪೇಪರ್ ಓದುವ ಅಪ್ಪ, ಬಸ್‌ಸ್ಟ್ಯಾಂಡಿನ ಸೌತೆಕಾಯಿ ಗಾಡಿ, ಯಾರನ್ನೂ ಬಿಡಲಿಲ್ಲ. ರಜೆಯ ದಿನ ಸಾಲಗಾಮೆಯ ಕಡೆ ಹೋದಾಗ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಳೆ ತಿರುಗಿಸುತ್ತಿದ್ದೆ.

"ಅಲ್ಲ ಕಣವ್ವಾ, ಆಗ್ಲಿಂದ ಆಲೂಗಡ್ಡೆ ಪಟನೇ ತೆಗೀತಿದ್ದೀಯ" ಎಂದಳು ಕೀಳುತ್ತಿದ್ದವಳು. "ನಾನೇನು ಆಲೂಗಡ್ಡೆಗಿಂತ ಕಡ್ಮೆನಾ?"

ಅವಳದು ತೆಗೆದೆ. ಕೈಯ ಕೆಂಪು ಮಣ್ಣು, ಹಣೆಯ ಬೆವರು, ಹಿಂದೆ ಇಡೀ ಹೊಲ ಕರಗಿ ಹಸಿರು ಹೊಗೆಯಾಗಿತ್ತು. ಪರದೆಯಲ್ಲಿ ತೋರಿಸಿದಾಗ ಅವಳು "ಅಯ್, ನಮ್ಮವ್ವನಂಗೇ ಇವ್ನಿ!" ಎಂದು ಕಿರುಚಿದಳು. ಅಂದು ಸಂಜೆ ಬಸ್ಸಿಗೂ ಕಾಯದೆ ಬಹಳ ದೂರ ನಡೆದೇ ಬಂದೆ ಎಂದು ನೆನಪು. ಅಷ್ಟು ನಡೆದಿರಲಾರೆ. ಆದರೆ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ.

ಆ ಲೆನ್ಸಿನ ನಿಜವಾದ ತೊಂದರೆ ತಿಳಿದದ್ದು ಮನೆಯ ಹಜಾರದಲ್ಲಿ. ಅಪ್ಪ ಅಮ್ಮನನ್ನು ನಿಲ್ಲಿಸಿದೆ, ಚೆನ್ನಾಗಿ ಬಂದರು. ಪಕ್ಕದ ಮನೆಯವರೊಬ್ಬರು ಸೇರಿಕೊಂಡರು. ಹಿಂದೆ ಹಿಂದೆ ಹೋಗಿ ನನ್ನ ಬೆನ್ನು ಗೋಡೆಗೆ ತಾಗಿತು. ಮೂವರು ಸರಿಯಾಗಿ ಹಿಡಿಸಿದರು, ನಾಲ್ಕನೆಯವರಿಗೆ ಗೇಣು ಜಾಗವಿಲ್ಲ.

"ಬೇಡ! ಮೂರು ಜನ ಬೇಡ!" ಎಂದು ಅಮ್ಮ ಓಡಿಹೋದಳು.

ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ನಡುವೆ ನಿಂತವರಿಗೆ ಕೇಡು ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಆಲ್ಬಮ್ಮಿನಲ್ಲಿ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರೇ ಇರುವ ಒಂದೂ ಫೋಟೋ ಇಲ್ಲ. ಲೆಕ್ಕ ತಪ್ಪಿಸಲು ಯಾವಾಗಲೂ ನಾಲ್ಕನೆಯದೊಂದು ಇರುತ್ತದೆ. ಎತ್ತಿಕೊಂಡ ಯಾರದೋ ಮಗು, ತೊಡೆಯ ಮೇಲಿನ ದೇವರ ಪಟ, ಒಂದರಲ್ಲಿ ಅಪ್ಪನ ಸೈಕಲ್ಲು. ಎಂ.ಎ. ಮಾಡಿದ ನಾನು ಇದನ್ನು ನಂಬುವುದಿಲ್ಲ. ಆದರೂ ಇಲ್ಲಿಯವರೆಗೆ ಮೂವರ ನಡುವೆ ನಿಂತು ನೋಡಿಲ್ಲ.

ಶಾಂತಿಯ ದಿನ ಬೆಳಗ್ಗೆ ಅರಕಲಗೂಡು ತಲುಪಿದಾಗ ದೊಡ್ಡಮ್ಮ ಕನ್ನಡಿಯ ಮುಂದೆ ಕೂತಿದ್ದಳು. ಹಸಿರು ಸೀರೆ, ಮುಡಿತುಂಬ ಮಲ್ಲಿಗೆ. ಐವತ್ತು ದಾಟಿದವಳ ಕೆನ್ನೆಗೆ ಯಾರೋ ಅರಿಶಿನ ಹಚ್ಚಿ ಹೋಗಿದ್ದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು.

"ಉಳಿದಿದ್ದು ಬಂದ್ರೂ ಸರಿ, ಬಿಟ್ರೂ ಸರಿ. ಅವರು ತಾಳಿ ಕಟ್ಟೋದು ಮಾತ್ರ ಒಂದು ಬರಲಿ ಕಣೇ. ಒಂದೇ ಒಂದು ಸಾಕು."

ನಾನು ಹೊರಗೆ ಬಂದು ಲೆನ್ಸಿನ ಗಾಜನ್ನು ಮೂರು ಸಲ ಒರೆಸಿದೆ.

ಶಾಸ್ತ್ರವೆಲ್ಲ ಮನೆಯ ನಡುಮನೆಯಲ್ಲೇ. ಹೋಮದ ಹೊಗೆ, ಜನ, ಜಾಗವೇ ಇಲ್ಲ. ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಒತ್ತಿ ಸ್ಟೂಲಿನ ಮೇಲೆ ನಿಂತೆ. ಬಂದವರೆಲ್ಲ ಸಲಹೆಗಾರರು. "ರೀಲು ಎಷ್ಟಿದೆಯಮ್ಮಾ? ಊಟದ ಪಂಕ್ತಿಗೂ ಸ್ವಲ್ಪ ಉಳಿಸ್ಕೋ" ಎಂದರು ಒಬ್ಬರು. ಇದರಲ್ಲಿ ರೀಲೇ ಇಲ್ಲ ಎಂದೆ. "ಅಯ್ಯೋ ದೇವರೇ, ರೀಲೇ ಹಾಕಿಲ್ವಂತೆ!" ಎಂದು ಸುದ್ದಿ ಒಲೆಯವರೆಗೂ ಹೋಯಿತು. ದೊಡ್ಡಮ್ಮ ಮಣೆಯ ಮೇಲಿಂದಲೇ ನನ್ನತ್ತ ನೋಡಿದಳು. ಇದೆ, ಇದೆ ಎಂದು ತಲೆಯಾಡಿಸಿದೆ.

ದೊಡ್ಡಪ್ಪ ಎದ್ದು ನಿಂತು ಮಾಂಗಲ್ಯ ಹಿಡಿದುಕೊಂಡರು. ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಮಾತಿನಲ್ಲಿ ಮಹಾ ಜಿಪುಣ. ಮಕ್ಕಳೆಲ್ಲ ಅವರಿಗೆ ಹೆದರುತ್ತಿದ್ದೆವು. ನಾನು ಕ್ಯಾಮೆರಾ ಎತ್ತಿದೆ. ಎಡಕ್ಕೆ ದೊಡ್ಡಪ್ಪ, ಬಲಕ್ಕೆ ಮಂತ್ರ ಹೇಳುತ್ತ ಪುರೋಹಿತರು, ನಡುವೆ ದೊಡ್ಡಮ್ಮ. ಲೆನ್ಸಿನಲ್ಲಿ ಸರಿಯಾಗಿ ಮೂವರು.

ನನ್ನ ಪಕ್ಕದಲ್ಲಿ ನಿಂತು ಕ್ಯಾಮೆರಾ ತಿರುಗಿದ ದಿಕ್ಕನ್ನೇ ಅಳೆಯುತ್ತಿದ್ದ ಚಿಕ್ಕಮ್ಮ ಒಂದೇ ನೆಗೆತಕ್ಕೆ ಹೋಗಿ ಪುರೋಹಿತರ ಭುಜದ ಮೇಲೆ ತಲೆ ತೂರಿಸಿದಳು.

"ಚಿಕ್ಕಮ್ಮಾ, ಪಕ್ಕಕ್ಕೆ ಬಾ!"

"ಸುಮ್ನಿರೇ! ಮೂರು ಜನ ಆಗತ್ತೆ. ನಡುವೆ ಇರೋದು ನನ್ನಕ್ಕ!"

ಗಟ್ಟಿಮೇಳ ಶುರುವಾಯಿತು. ಇನ್ನು ಯಾರಿಗೂ ಯಾರ ಮಾತೂ ಕೇಳಿಸುವಂತಿರಲಿಲ್ಲ. ಬಳೆ ತಿರುಗಿಸಿದೆ, ಒತ್ತಿದೆ. ಚಿಕ್ಕಮ್ಮನ ತಲೆ. ಇನ್ನೊಮ್ಮೆ ಒತ್ತಿದೆ. ಪುರೋಹಿತರ ಭುಜ. ಮತ್ತೆ ತಿರುಗಿಸಿದೆ, ಒತ್ತಿದೆ. ಚಿಕ್ಕಮ್ಮನ ಕೈ ಅಕ್ಷತೆ ಎಸೆಯುತ್ತಿತ್ತು. ದೊಡ್ಡಪ್ಪ ಮುಂದೆ ಬಾಗಿ, ದೊಡ್ಡಮ್ಮನ ಕುತ್ತಿಗೆಯ ಹಿಂದೆ ಗಂಟು ಹಾಕಲು ತೊಡಗಿದರು. ಮುಗಿಯಿತು, ಈ ಸಲವೂ ಹೋಯಿತು ಎಂದುಕೊಂಡೆ.

ಆಗ ಪುರೋಹಿತರು ಕೆಳಗಿಟ್ಟಿದ್ದ ಪಂಚಪಾತ್ರೆ ತೆಗೆದುಕೊಳ್ಳಲು ಬಗ್ಗಿದರು. ಚಿಕ್ಕಮ್ಮ ಎದುರಿಗೆ ನೋಡಿದಳು, ಅಕ್ಕ, ಭಾವ. ತನ್ನನ್ನೂ ಸೇರಿಸಿ ಎಣಿಸಿದಳು. ಈಗ ಮತ್ತೆ ಮೂವರು! ಬೆಂಕಿ ಮುಟ್ಟಿದವಳಂತೆ ಪಕ್ಕಕ್ಕೆ ಹಾರಿದಳು. ಉಳಿದವರು ಇಬ್ಬರೇ.

ಒತ್ತಿದೆ.

ಚಿಕ್ಕಮ್ಮ ಎಣಿಸಿಯೇ ಹಾರಿದಳು ಎಂಬುದು ಅವಳು ಹೇಳುವ ಕತೆ. ಬಿದ್ದ ಹೂವಿನ ಮೇಲೆ ಕಾಲಿಟ್ಟು ಜಾರಿದಳು ಎಂಬುದು ಅಮ್ಮನದು. ಚಿಕ್ಕಮ್ಮನ ಕತೆಯೇ ಹೆಚ್ಚು ಚೆನ್ನಾಗಿದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಆದರೂ ಬರೆಯುವಾಗ ಅದನ್ನೇ ಬರೆದಿದ್ದೇನೆ.

ಫೋಟೋ ಬಂತೋ ಇಲ್ಲವೋ ತಿಳಿಯಲಿಲ್ಲ. ಕ್ಯಾಮೆರಾ ಹಿಂದಿನ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ದೊಡ್ಡದು ಮಾಡಿ ನೋಡುವುದು ಹೇಗೆಂದು ನನಗಿನ್ನೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ದೊಡ್ಡಮ್ಮ ಬಂದು "ಬಂತೇನೇ?" ಎಂದಳು. "ನಾಳೆ ಹೇಳ್ತೀನಿ" ಎಂದೆ. ಅವಳು ನನಗೆ ಇನ್ನೊಂದು ಹೋಳಿಗೆ ಬಡಿಸಿದಳು.

ಊಟವಾದ ಮೇಲೆ ಎಲ್ಲರದೂ ಒಂದು ಫೋಟೋ ಆಗಬೇಕೆಂದರು. ನಲವತ್ತು ಜನ, ಮೂವರನ್ನು ಹಿಡಿಯುವ ಲೆನ್ಸು! ಎಲ್ಲರನ್ನೂ ಮನೆ ಮುಂದೆ ನಿಲ್ಲಿಸಿ, ನಾನು ರಸ್ತೆ ದಾಟಿ ಎದುರು ಮನೆಯವರ ಅಪ್ಪಣೆ ಕೇಳಿ ಅವರ ತಾರಸಿ ಹತ್ತಿದೆ. ಅಲ್ಲಿಂದ ಕೂಗಿದೆ, "ಎಡಗಡೆಯವರು ಸ್ವಲ್ಪ ಒಳಗೆ ಬನ್ನಿ!"

"ಎಡ ಅಂದ್ರೆ ನಮ್ಮ ಎಡನಾ, ಅವಳ ಎಡನಾ?" ಎಂದು ಕೆಳಗೆ ಚರ್ಚೆಯಾಯಿತು. ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ ಸರಿದು ನಡುವೆ ಬಾಗಿಲಷ್ಟು ಜಾಗ ಬಿಟ್ಟರು. ಅಷ್ಟರಲ್ಲಿ ಟ್ರ್ಯಾಕ್ಟರ್ ಒಂದು ಅಡ್ಡ ಬಂತು. ಎಲ್ಲರೂ ನಕ್ಕರು. ನಾನು ಮೇಲೆ ಒಬ್ಬಳೇ ನಗುತ್ತ, ಕಣ್ಣು ಒದ್ದೆಯಾಗಿ, ಬಳೆ ಎಲ್ಲಿಗೆ ತಿರುಗಿಸಿದೆನೋ ಕಾಣದೆ ಒತ್ತುತ್ತಲೇ ಇದ್ದೆ.

ಮಾರನೆಯ ದಿನ ಹಾಸನದ ಲ್ಯಾಬ್ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಲ್ಯಾಬಿನವರು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ತೆರೆದರು. ಗಟ್ಟಿಮೇಳದ ಮೊದಲನೆಯದು ಬಂತು. ಚಿಕ್ಕಮ್ಮನ ಕಿವಿಯ ಓಲೆ ಕಲ್ಲುಕಲ್ಲಾಗಿ ಎಣಿಸಬಹುದು, ಉಳಿದವರೆಲ್ಲ ಮಂಜು. "ಓಲೆ ಅಂಗಡಿಯೋರ್ಗೆ ಕೊಡ್ಬೋದು ಮೇಡಮ್" ಎಂದರು ಅವರು. ಎರಡನೆಯದರಲ್ಲಿ ಪುರೋಹಿತರ ಜನಿವಾರ. ಮೂರನೆಯದರಲ್ಲಿ ಗಾಳಿಯಲ್ಲಿ ನಿಂತ ಅಕ್ಷತೆ ಕಾಳು, ಒಂದೇ ಒಂದು, ಅದ್ಭುತವಾಗಿ. ನಾನು ಉಗುರು ಕಚ್ಚುತ್ತಿದ್ದೆ.

ನಾಲ್ಕನೆಯದು ತೆರೆದುಕೊಂಡಿತು. ಲ್ಯಾಬಿನವರು ಮೌಸಿನ ಮೇಲಿಂದ ಕೈ ತೆಗೆದರು.

"ಇದು ಬಂದ್ಬುಟ್ಟದೆ ಮೇಡಮ್."

ಬಂದಿತ್ತು. ಹೋಮದ ಹೊಗೆ ಹಿಂದೆ ಬೆಳ್ಳಗೆ ಕರಗಿತ್ತು. ದೊಡ್ಡಪ್ಪನ ಎರಡೂ ಕೈ ದೊಡ್ಡಮ್ಮನ ಕುತ್ತಿಗೆಯ ಹಿಂದೆ, ಅರಿಶಿನದ ದಾರ ಎಳೆಎಳೆಯಾಗಿ ಸ್ಪಷ್ಟ. ಅವರ ಮುಖ ಅವಳ ಕಿವಿಯ ಹತ್ತಿರ, ತುಟಿ ಸ್ವಲ್ಪವೇ ತೆರೆದಿದೆ. ದೊಡ್ಡಮ್ಮ ನಗುತ್ತಿದ್ದಾಳೆ. ಫೋಟೋಗೆ ನಗುವ ನಗುವಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಗುತಿ ಓರೆಯಾಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಿದ್ದವರು ನಗುವ ನಗು. ನಾನು ಲ್ಯಾಬಿನಲ್ಲೇ ಕೂಗಿದೆ. ಏನೆಂದು ಕೂಗಿದೆನೋ ಗೊತ್ತಿಲ್ಲ.

ದೊಡ್ಡ ಪ್ರಿಂಟ್ ಹಾಕಿಸಿ ಆ ವಾರವೇ ಅರಕಲಗೂಡಿಗೆ ತೆಗೆದುಕೊಂಡು ಹೋದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. "ಹಲ್ಲೆಲ್ಲ ಕಾಣತ್ತಲ್ಲೇ" ಎಂದಳು. ಆಮೇಲೆ ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ. ಬಂದ ಮೇಲೆ ಕೇಳಿದೆ, ದೊಡ್ಡಪ್ಪ ಏನೋ ಅಂದ ಹಾಗಿದೆಯಲ್ಲ ಎಂದು. "ಕಾಫಿ ಆರತ್ತೆ, ಕುಡಿ" ಎಂದಳು. ದೊಡ್ಡಪ್ಪನನ್ನು ಕೇಳುವ ಧೈರ್ಯ ಒಂದು ಯುಗಾದಿಗೆ ಬಂತು. "ಅವಳನ್ನೇ ಕೇಳು" ಎಂದು ಪೇಪರ್ ತಿರುಗಿಸಿದರು.

ಅವರು ಏನೂ ಅಂದಿರಲಿಕ್ಕಿಲ್ಲ. ಗಂಟು ಬಿಗಿಯುವಾಗ ಉಸಿರು ಬಿಟ್ಟಿರಬಹುದು, ಅವಳಿಗೆ ಕಚಗುಳಿಯಾಗಿರಬಹುದು. ಗಟ್ಟಿಮೇಳದ ಗದ್ದಲದಲ್ಲಿ ಸ್ಟೂಲಿನ ಮೇಲಿದ್ದ ನನಗೆ ಏನು ಕೇಳಿಸುತ್ತಿತ್ತು? ಆದರೆ ಉಸಿರಿಗೆ ಯಾರೂ ಹಾಗೆ ನಗುವುದಿಲ್ಲ.

ಹೋದ ತಿಂಗಳು ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಮೊಗ್ಗು ಜೋಡಿಸಿಕೊಡುತ್ತ ಇನ್ನೊಮ್ಮೆ ಕೇಳಿದೆ. ಅವಳು ದಾರ ಕಚ್ಚಿ ತುಂಡು ಮಾಡಿದಳು, ಮಾಲೆಯನ್ನು ಎತ್ತಿ ಉದ್ದ ನೋಡಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ಕೆನ್ನೆ ಕೆಂಪಾದಂತೆ ಕಂಡಿತು.

"ಹೇಳು ದೊಡ್ಡಮ್ಮ, ಅವತ್ತು ದೊಡ್ಡಪ್ಪ ನಿನ್ನ ಕಿವೀಲಿ ಏನಂದ್ರು?"